ಹಿಂದಿನ ಕುರ್ಚಿ

ಸಾಖರ ಪೇಠೆಯ ನಮ್ಮ ಮನೆಯಲ್ಲಿ
ಮಿಲ್ಲಿನ ಭೋಂಗಾ ಕೂಗಿದರೆ
ಉಳಿದವರು ಡಬ್ಬಿ ಕಟ್ಟಿಕೊಂಡು ಹೊರಗೆ,
ಸಾತಲಿಂಗ ಕಾಕಾ ಒಬ್ಬ
ಮಗ್ಗದ ಕುಣಿಯೊಳಗೆ.

ನಾವು ಹುಡುಗರು ನಗುತ್ತಿದ್ದೆವು.
"ನಗಬ್ಯಾಡ್ರಿ," ಅನ್ನುತ್ತಿದ್ದಳು ಭೌರವ್ವ ಆಯಿ,
ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ,
"ಅಂವಾ ಅದರಾಗ ಹನ್ನೊಂದ ದಿನಾ ಇದ್ದು ಬಂದಾನ."

ಅದರಾಗ ಅಂದರೆ? ಕುಣಿ ನಮ್ಮದೇ.
ಸೊಂಟದಾಳ, ಎರಡು ತುಳಿಯುವ ಹಲಗೆ,
ಉದುರಿದ ನೂಲು, ಒಂದು ಜಿರಳೆ, ತಂಪು.

ಅವನು ಹೇಳಿದ್ದು ಬಿಡಿಬಿಡಿ.
ಒಂದು ಚೂರು ಬೀಡಿ ಹಚ್ಚುವಾಗ,
ಒಂದು ಚೂರು ಭಜ್ಜಿ ತಿಂದ ಕೈ ಒರೆಸುವಾಗ.
ಗಂಟು ಹಾಕಿಕೊಂಡವನು ನಾನು.

ಎರಡೇ ಸೀಟಿನ ಬಾಂಬು ವಿಮಾನ.
ಮುಂದೆ ನಡೆಸುವವನು, ಅಂಬಾಲೆಯ ಹರನಾಮ.
ಅವನ ಬೆನ್ನಿಗೆ ಬೆನ್ನು ಕೊಟ್ಟು, ಬಂದೂಕು ಹಿಡಿದು, ಕಾಕಾ.
"ಮುಂದ ಕುಂತಾಂವಗ ಹೋಗೂದು ಕಾಣತದ.
ಹಿಂದ ಕುಂತಾಂವಗ
ಮಾಡಿ ಬಂದದ್ದು ಕಾಣತದ."
ಅಷ್ಟು ಹೇಳಿ ಬೀಡಿ ಒತ್ತಿ ಆರಿಸಿದ.

ಬ್ರಹ್ಮದೇಶದ ಬೆಟ್ಟ. ಬೆಂಕಿ ಹತ್ತಿದ ರೆಕ್ಕೆ.
ಹರನಾಮ ಹಾರಲಿಲ್ಲ.
ಕಾಕಾ ಬಂದು ಬಿದ್ದ ಬಿದಿರು ಮೆಳೆಯ ಮೇಲೆ,
ಒಂದು ಬೂಟು ಆಕಾಶದಲ್ಲೇ ಬಿಟ್ಟು.
ಕೊಡೆಯಂಥ ಆ ಬಟ್ಟೆ ಹೂಳುವಾಗ
ಜೀವ ಚುರ್ ಅಂತಂತೆ:
ಎಂಥಾ ನೇಯ್ಗೆ! ನಾಲ್ಕು ಮದುವೆಗೆ ಸಾಕಾಗುತ್ತಿತ್ತು.

ಜೇಬಿನಲ್ಲಿ ಎರಡು ಅರಿವೆ.
ಒಂದು ರೇಷ್ಮೆಯ ನಕಾಶೆ,
ಮುದುಡಿದರೂ ಸದ್ದು ಮಾಡದ್ದು.
ಇನ್ನೊಂದು ಸರಕಾರದ ಚೀಟಿ,
ಇವನನ್ನು ಕಾಯ್ದವರಿಗೆ ಇನಾಮು ಎಂದು
ಎಂಟೋ ಒಂಬತ್ತೋ ಭಾಷೆಯಲ್ಲಿ.
ಕನ್ನಡ ಇರಲಿಲ್ಲ.
ಇದ್ದಿದ್ದರೆ ಅಲ್ಲಿ ಓದುವವರಾರು?

ಹಗಲು ಬಿದಿರೊಳಗೆ, ರಾತ್ರಿ ಹಳ್ಳದೊಳಗೆ.
ಜಿಗಣೆ ಎಣಿಸುವುದು ಬಿಟ್ಟ ಮೂರನೆಯ ದಿನ ಕೇಳಿಸಿತು,
ಖಟಕ್, ಖಟಕ್, ನಡುವೆ ಲಾಳಿಯ ಸರ್ರ್.
ಊರಿಗೇ ಬಂದೆ ಅಂದುಕೊಂಡನಂತೆ, ಜ್ವರದಲ್ಲಿ.
ಆಯಿ ಒಳಗೆ ರೊಟ್ಟಿ ಬಡಿಯುತ್ತಿರಬೇಕು.

ಅಲ್ಲೊಬ್ಬ ಹೆಂಗಸು. ಹೆಸರು ಕೊನೆಗೂ ತಿಳಿಯಲಿಲ್ಲ.
ಕೊಡಲಿ ಎತ್ತಿಕೊಂಡಳು.
ಅವನು ಚೀಟಿ ಚಾಚಿದ.
ಅವಳು ಅದರ ಅಂಚು ನೋಡಿದಳು, ಅಕ್ಷರ ಅಲ್ಲ.
ಆಗ ಮಗ್ಗದಲ್ಲಿ ಹರಿದ ಒಂದು ಎಳೆ
ಕಣ್ಣಿಗೆ ಬಿದ್ದು ಕೈ ತಾನೇ ಹೋಯಿತು.
ಹೆಬ್ಬೆಟ್ಟು, ತೋರುಬೆರಳು, ಉಗುಳಿನ ತೇವ,
ಗಂಟು.
ನೇಕಾರನ ಗಂಟು, ಹಣಿಗೆಯಲ್ಲಿ ಸಿಕ್ಕಿಕೊಳ್ಳದ್ದು.
ಅವಳು ಕೊಡಲಿ ಕೆಳಗಿಟ್ಟು
ಅದನ್ನು ಉಗುರಿನಿಂದ ಕೆದಕಿ ನೋಡಿದಳು.
ಆಮೇಲೆ ಕುಣಿ ತೋರಿಸಿದಳು.

ಹನ್ನೊಂದು ದಿನ ತಲೆಯ ಮೇಲೆ
ಅವಳ ಒಡೆದ ಹಿಮ್ಮಡಿ.
ಜಪಾನಿನವರು ಎರಡು ಸಲ ಬಂದರು.
ಲಾಳಿ ನಿಲ್ಲಲಿಲ್ಲ.
ಹಲಗೆ ಹೆಗಲಿಗೆ ಬಡಿಯುತ್ತಿದ್ದರೆ ಇವನು ಕೆಳಗಿಂದ
ಬಟ್ಟೆ ಅಳೆಯುತ್ತಿದ್ದ. ಒಂಬತ್ತು ಮೊಳ, ಒಂದು ಗೇಣು.

ಹೊರಡುವ ರಾತ್ರಿ ಹಿತ್ತಲಲ್ಲಿ
ಕರಕಲಾದ ಇನ್ನೊಂದು ಮಗ್ಗ,
ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಹುಲ್ಲು ಇನ್ನೂ ಮೂಡದ್ದು.
ಅವಳು ಕೈ ಮೇಲೆತ್ತಿ ಆಕಾಶ ತೋರಿಸಿದಳು.
ಅವನಿಗೆ ಅನ್ನ ಕಟ್ಟಿಕೊಟ್ಟದ್ದೂ ಅದೇ ಕೈ.
ಕಾಕಾ ಯಾವಾಗಲೂ ಇಲ್ಲಿಗೆ ನಿಲ್ಲಿಸುತ್ತಿದ್ದ.

ನಕಾಶೆಯನ್ನು ಆಯಿ ತಿಕ್ಕಿ ನೋಡಿ,
"ಹಾಸು ಚಲೋ ಅದ, ಹೊಕ್ಕ ಸಡ್ಲ," ಎಂದು
ನನ್ನ ತೊಟ್ಟಿಲ ಕೌದಿಗೆ ಹಚ್ಚಿದಳು.
ನಾನು ಉಚ್ಚೆ ಹೊಯ್ದು ಬೆಳೆದದ್ದು ಆ ಬೆಟ್ಟಗಳ ಮೇಲೆ.
ನದಿಗಳು ಒಗೆದು ಒಗೆದು ಹೋದವು.
ಈಗ ಮಿಲ್ಲಿಲ್ಲ. ಕುಣಿಗೆ ಮಣ್ಣು ತುಂಬಿ ಫರಸಿ ಹಾಕಿದ್ದೇವೆ,
ಅದರ ಮೇಲೆ ಫ್ರಿಜ್ಜು ಗುಂಯ್ ಅನ್ನುತ್ತದೆ.

ಟಾಂಗಾದಲ್ಲಿ ಕಾಕಾ ಎಂದೂ ಮುಂದೆ ಕೂತವನಲ್ಲ.
ಹಿಂದೆ, ಕಾಲು ಇಳಿಬಿಟ್ಟು, ಪಕ್ಕದಲ್ಲಿ ನಾನು.
ಒಮ್ಮೆ ಸ್ಟೇಶನ್ ರಸ್ತೆಯಲ್ಲಿ ಕೇಳಿಯೇಬಿಟ್ಟೆ:
ಆ ಮಗ್ಗ ಸುಟ್ಟದ್ದು ಯಾರ ಬಾಂಬು, ಕಾಕಾ?
ರಸ್ತೆ ನಮ್ಮ ಕಾಲ ಕೆಳಗಿಂದ
ಥಾನು ಬಿಚ್ಚಿದಂತೆ ಬಿಚ್ಚುತ್ತ ಹೋಯಿತು.
ಅವನು ನೋಡುತ್ತಲೇ ಇದ್ದ.

ಮನೆ ಮುಂದೆ ಇಳಿದು, ಚಿಲ್ಲರೆ ಎಣಿಸಿ ಕೊಟ್ಟು,
"ಮೂರ ವರ್ಷದ್ದಿರಬೇಕು," ಅಂದ.
ಯಾರು ಅಂತ ನಾನು ಕೇಳಲಿಲ್ಲ.